ಊರಾಚೆಯ ಒಂಟಿ ಮನೆಯಲ್ಲಿ 14 ದಿನ ಕಡ್ಡಾಯ ಕ್ವಾರಂಟೈನ್: ಏನು ತಯಾರಿ ಬೇಕು?

ಊರಿಂದ ದೂರದ ಮನೆ, ಒಬ್ಬರೇ ಇರಬೇಕು, 14 ದಿನ ಗೇಟು ದಾಟುವಂತಿಲ್ಲ, ಹೇಗೆ ಕಳೆಯೋದು ಅಂತ ಕೇಳಿದ್ದೀರಿ. ಯಾವ ಕಾಯಿಲೆಗೆ ಅಂತ ಬರೆದಿಲ್ಲ. ನಾನು ಹೀಗೆ ಇದ್ದದ್ದು 2020ರಲ್ಲಿ, ಕೋವಿಡ್ ಸಮಯದಲ್ಲಿ. ಹಾಗಾಗಿ ಅದರ ಅನುಭವವನ್ನೇ ಹೇಳುತ್ತೇನೆ.

ಹೊರಡುವಾಗ ಎಲ್ಲರೂ ಒಂದೇ ಮಾತು ಹೇಳಿದ್ದರು: "ಸುತ್ತ ಜನವೇ ಇಲ್ಲ, ನಿನಗೇನು ಕಷ್ಟ?" ನಾನೂ ಹಾಗೇ ಅಂದುಕೊಂಡಿದ್ದೆ. ಅಲ್ಲಿ ಹೋದ ಮೇಲೆ ತಿಳಿಯಿತು. ನನ್ನಿಂದ ಇನ್ನೊಬ್ಬರಿಗೆ ಅಂಟುವ ಭಯ ಕಡಿಮೆ, ನಿಜ. ಆದರೆ ನನಗೇ ಏನಾದರೂ ಆದರೆ ಯಾರಿಗೂ ಗೊತ್ತಾಗುವುದಿಲ್ಲ. ನಗರದ ಫ್ಲಾಟಿನಲ್ಲಿ ಎರಡು ದಿನ ಬಾಗಿಲು ತೆರೆಯದಿದ್ದರೆ ಯಾರಾದರೂ ತಟ್ಟುತ್ತಾರೆ. ಒಂಟಿ ಮನೆಯಲ್ಲಿ ತಟ್ಟುವವರಿಲ್ಲ. ನಿಮ್ಮ ಅರ್ಧ ತಯಾರಿ ಈ ಒಂದು ವಿಷಯಕ್ಕೇ ಇರಲಿ.

ಮೊದಲು ಸಿಗ್ನಲ್ ನೋಡಿಕೊಳ್ಳಿ. ನಮ್ಮ ಮನೆಗೆ ಹೋದಾಗಲೆಲ್ಲ ನಾನು ಫೋನ್ ಮಾಡುತ್ತಿದ್ದದ್ದು ರಸ್ತೆಯ ತಿರುವಿನಲ್ಲಿ ನಿಂತು. ಅದು ಗೇಟಿನ ಆಚೆ ಅನ್ನುವುದು ಕ್ವಾರಂಟೈನ್ ಶುರುವಾದ ಮೇಲೇ ಹೊಳೆದದ್ದು! ಎರಡನೇ ದಿನ ಆರೋಗ್ಯ ಸಿಬ್ಬಂದಿ ಫೋನ್ ಮಾಡಿದ್ದಾರೆ, ಸಿಕ್ಕಿಲ್ಲ. ಮೂರನೇ ದಿನ ಇಬ್ಬರು ಬಂದು ಗೇಟಿನಲ್ಲೇ ನಿಂತು "ಎಲ್ಲಿಗೆ ಹೋಗಿದ್ರಿ?" ಅಂತ ಜೋರು ಮಾಡಿದರು. ಎಲ್ಲೂ ಹೋಗಿಲ್ಲ ಅಂದರೆ ನಂಬಲು ಅವರಿಗೆ ಕಾರಣವೂ ಇರಲಿಲ್ಲ. ಆಮೇಲೆ ಫೋನ್ ಹಿಡಿದು ಮನೆಯ ಪ್ರತಿ ಕಿಟಕಿಯ ಹತ್ತಿರ ಹೋಗಿ ನಿಂತೆ. ಹಿಂದಿನ ಕೋಣೆಯ ಕಿಟಕಿಯಲ್ಲಿ ಎರಡು ಕಡ್ಡಿ ಸಿಕ್ಕಿತು. ಉಳಿದಷ್ಟೂ ದಿನ ಫೋನು, ಚಾರ್ಜರ್ ಅಲ್ಲೇ. ನೀವು ಈ ಕೆಲಸ ಮೊದಲೇ ಮಾಡಿ. ಎಲ್ಲೂ ಸಿಗದಿದ್ದರೆ ಅಧಿಕಾರಿಗಳಿಗೆ ಮುಂಚೆಯೇ ಹೇಳಿ, ಬೇರೆ ಯಾರ ನಂಬರ್‌ಗೆ ಕರೆ ಮಾಡಬೇಕು ಅಂತ ಬರೆಸಿ.

14 ದಿನ ಯಾಕೆ ಅನ್ನುವುದು ತಿಳಿದಿದ್ದರೆ ಮನಸ್ಸಿಗೆ ಸ್ವಲ್ಪ ಸಮಾಧಾನ. ಆಗಿನ ಕೋವಿಡ್‌ನಲ್ಲಿ ಸೋಂಕು ತಗುಲಿದವರಿಗೆ ಸರಾಸರಿ 5ನೇ ದಿನದ ಹೊತ್ತಿಗೆ ಲಕ್ಷಣ ಕಾಣಿಸುತ್ತಿತ್ತು. ಕೆಲವರಿಗೆ 10–12 ದಿನವೂ ಆಗುತ್ತಿತ್ತು. ಅದಕ್ಕೇ ಆ ಲೆಕ್ಕ. ಹಾಗಾಗಿ ಮೊದಲ ಎರಡು ಮೂರು ದಿನದಲ್ಲಿ ಪರೀಕ್ಷೆ ನೆಗೆಟಿವ್ ಬಂತು ಅಂತ ನಿರಾಳ ಆಗಬೇಡಿ. ನನಗೆ ಅತಿ ಕಷ್ಟವಾದದ್ದು 4ರಿಂದ 7ನೇ ದಿನ. ಗಂಟಲು ಒಣಗಿದರೂ ಬಂತೇನೋ ಅನ್ನಿಸುತ್ತಿತ್ತು. ರಾತ್ರಿ ಎದ್ದೆದ್ದು ಜ್ವರ ನೋಡಿಕೊಳ್ಳುತ್ತಿದ್ದೆ. ಫೋನಿನಲ್ಲಿ ಸಿಕ್ಕ ವೈದ್ಯರೊಬ್ಬರು ಹೇಳಿದರು, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ, ಪುಸ್ತಕದಲ್ಲಿ ಬರೆದಿಡಿ, ನಡುವೆ ಥರ್ಮಾಮೀಟರ್ ಮುಟ್ಟಬೇಡಿ ಅಂತ. ಅದೇ ನನ್ನನ್ನು ಉಳಿಸಿತು ಅನ್ನಬೇಕು. ಭಯ ಆದಾಗ ಪುಸ್ತಕ ತೆಗೆದು ನೋಡಿದರೆ ಸಾಕಾಗುತ್ತಿತ್ತು.

ಉಸಿರಾಟದ ಕಾಯಿಲೆಯಾದರೆ ಪಲ್ಸ್ ಆಕ್ಸಿಮೀಟರ್ (ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅಂತ ನೋಡುವ ಪುಟ್ಟ ಸಾಧನ) ಒಂದು ಇರಲೇಬೇಕು. ಕೋವಿಡ್‌ನಲ್ಲಿ ಕೆಲವರಿಗೆ ಉಸಿರಾಟದ ಕಷ್ಟ ಗೊತ್ತಾಗುವ ಮೊದಲೇ ಆಮ್ಲಜನಕ ಇಳಿದಿರುತ್ತಿತ್ತು. ಅದರಲ್ಲಿ ಆಮ್ಲಜನಕ ಶೇ. 94ಕ್ಕಿಂತ ಕೆಳಗೆ ಇಳಿದರೆ ಕಾಯಬೇಡಿ, ಕೂಡಲೇ ವೈದ್ಯರಿಗೋ ಆಂಬುಲೆನ್ಸ್‌ಗೋ ಕರೆ ಮಾಡಿ. ಆಸ್ಪತ್ರೆ ದೂರ ಇದ್ದವರು ಎಲ್ಲರಿಗಿಂತ ಮೊದಲೇ ಹೊರಡಬೇಕು, ಅಲ್ವಾ? ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಇದ್ದರೆ ಅದು ತಪ್ಪು ತೋರಿಸುತ್ತದೆ. ಕೈ ಬೆಚ್ಚಗೆ ಮಾಡಿಕೊಂಡು ಮತ್ತೆ ನೋಡಿ. ದಿನಾ ತಗೊಳ್ಳುವ ಮಾತ್ರೆ ಇದ್ದರೆ ಮೂರು ವಾರಕ್ಕೆ ಆಗುವಷ್ಟು ಇಟ್ಟುಕೊಳ್ಳಿ.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಆ 14 ದಿನ ಏಣಿ ಹತ್ತಬೇಡಿ, ಸೌದೆ ಒಡೆಯಬೇಡಿ, ಕತ್ತಲಲ್ಲಿ ಹಿತ್ತಲಿಗೆ ಹೋಗಬೇಡಿ. ಹಳ್ಳಿ ಮನೆಯಲ್ಲಿ ಖಾಲಿ ಕೂತರೆ ಮಾಡಲು ನೂರು ಕೆಲಸ ಕಾಣುತ್ತದೆ. ಆದರೆ ಕಾಲು ಮುರಿದರೆ ಎತ್ತಲು ಬರುವವರಿಗೂ ಸೋಂಕಿನ ಅಪಾಯ. ಅಷ್ಟಾಗಿಯೂ ಏನಾದರೂ ಅನಾಹುತ ಆದರೆ ನಿಯಮ ಅಂತ ಸುಮ್ನೆ ಬಿದ್ದಿರಬೇಡಿ. ಆಂಬುಲೆನ್ಸ್‌ಗೆ ಕರೆ ಮಾಡಿ, ಕ್ವಾರಂಟೈನ್‌ನಲ್ಲಿದ್ದೇನೆ ಅಂತ ಮೊದಲೇ ಹೇಳಿ.

ನೀರು, ದಿನಸಿ ವಿಷಯ ನಿಮಗೆ ಗೊತ್ತಿರುತ್ತದೆ. ಪಂಪಿನ ನೀರಾದರೆ ಕರೆಂಟ್ ಇದ್ದಾಗಲೇ ಟ್ಯಾಂಕ್ ತುಂಬಿಸಿಡಿ, ಅಷ್ಟೇ.

ಸಾಮಾನು ತಂದುಕೊಡುವವರ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ನನಗೆ ತಂದುಕೊಡುತ್ತಿದ್ದದ್ದು ಎದುರು ಗುಡ್ಡದ ಮನೆಯ ಅಜ್ಜ. ಎಪ್ಪತ್ತು ದಾಟಿದವರು. ಮೊದಲ ದಿನ ಚೀಲ ಹಿಡಿದು ಸೀದಾ ಗೇಟು ತೆಗೆದು ಒಳಗೆ ಬರತೊಡಗಿದರು. "ಅಜ್ಜಾ, ಅಲ್ಲೇ ನಿಲ್ಲಿ!" ಅಂತ ಕಿರುಚಿದೆ. ಅವರು ನಿಂತರು, ಚೀಲ ಇಟ್ಟರು, ಒಂದು ಮಾತೂ ಆಡದೆ ಹೊರಟುಹೋದರು. ಚಿಕ್ಕಂದಿನಿಂದ ನನ್ನನ್ನು ಎತ್ತಿ ಆಡಿಸಿದವರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕಿಟಕಿಯಲ್ಲಿ ಸಿಗ್ನಲ್ ಸಿಕ್ಕ ಮೇಲೆ ಅವರಿಗೆ ಫೋನ್ ಮಾಡಿ, ಇಂಗ್ಲೆಂಡಿನ ಈಮ್ ಅನ್ನುವ ಹಳ್ಳಿಯ ಕಥೆ ಹೇಳಿದೆ. 1665ರಲ್ಲಿ ಅಲ್ಲಿಗೆ ಪ್ಲೇಗ್ ಬಂದಿತ್ತು. ಅಕ್ಕಪಕ್ಕದ ಊರುಗಳಿಗೆ ಹರಡಬಾರದು ಅಂತ 1666ರಲ್ಲಿ ಊರಿನವರೇ ಗಡಿ ಹಾಕಿಕೊಂಡು ಒಳಗೇ ಉಳಿದರು. ಹೊರಗಿನವರು ಆಹಾರ ತಂದು ಗಡಿಯ ಕಲ್ಲಿನ ಹತ್ತಿರ ಇಡುತ್ತಿದ್ದರು. ದುಡ್ಡಿನಿಂದ ರೋಗ ಅಂಟದಿರಲಿ ಅಂತ ಊರಿನವರು ಆ ಕಲ್ಲಿನ ಗುಳಿಗಳಲ್ಲಿ ವಿನೆಗರ್ ತುಂಬಿ, ಅದರೊಳಗೆ ದುಡ್ಡು ಹಾಕಿಡುತ್ತಿದ್ದರಂತೆ. ಅಜ್ಜ ಪೂರ್ತಿ ಕೇಳಿಸಿಕೊಂಡು, "ಹಾಗಾದ್ರೆ ನಮಗೂ ಒಂದು ಕಲ್ಲು ಬೇಕಲ್ಲ" ಅಂದರು. ಗೇಟಿನ ಪಕ್ಕದ ಚಪ್ಪಡಿ ಕಲ್ಲು ನಮ್ಮ ಗಡಿಯಾಯಿತು. ಅವರು ಇಟ್ಟು ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ನಿಲ್ಲುವರು. ಆಮೇಲೆ ನಾನು ಬಂದು ತಗೊಳ್ಳುವುದು. ಅಷ್ಟು ದೂರದಿಂದಲೇ ಗಂಟಲು ಹರಿಯುವಂತೆ ಮಾತಾಡುತ್ತಿದ್ದೆವು. ದಿನದಲ್ಲಿ ನಾನು ಕಾಯುತ್ತಿದ್ದದ್ದು ಅದೊಂದೇ ಗಳಿಗೆಗೆ. ನಿಮಗೆ ತಂದುಕೊಡುವವರಿಗೂ ಮೊದಲೇ ಇಂಥ ಜಾಗ ಗೊತ್ತು ಮಾಡಿ, ಯಾಕೆ ಅಂತ ಬಿಡಿಸಿ ಹೇಳಿ. ಎದುರಿಗೆ ಬಂದಾಗ ಕಿರುಚಬೇಡಿ.

ದೀಪದ ಯೋಚನೆಯೂ ಅಜ್ಜನದೇ. ರಾತ್ರಿ 8ಕ್ಕೆ ನಾನು ಜಗುಲಿಯ ಲೈಟು ಮೂರು ಸಲ ಹಾಕಿ ಆರಿಸಬೇಕು. ಅವರು ತಮ್ಮ ಅಂಗಳದಿಂದ ನೋಡುತ್ತಾರೆ. ಕಾಣದಿದ್ದರೆ ಫೋನ್, ಫೋನ್ ಸಿಗದಿದ್ದರೆ ನನ್ನ ತಮ್ಮನಿಗೆ ತಿಳಿಸುವುದು. 9ನೇ ದಿನ ಸಂಜೆ ಜೋರು ಮಳೆ, ಕರೆಂಟ್ ಹೋಯಿತು, ಸಿಗ್ನಲ್ಲೂ ಹೋಯಿತು. ನಾನು ಬೇಗ ಮಲಗಿಬಿಟ್ಟೆ, ದೀಪದ ನೆನಪೇ ಇಲ್ಲ. ಎಚ್ಚರವಾದದ್ದು ಯಾರೋ ನನ್ನ ಹೆಸರು ಕೂಗಿದ್ದಕ್ಕೆ. ಬಾಗಿಲು ತೆರೆದರೆ ಗೇಟಿನ ಆಚೆ, ಮಳೆಯಲ್ಲಿ, ಟಾರ್ಚ್ ಹಿಡಿದು ಅಜ್ಜ. ನಾನು ಮಾತಾಡುವ ಮೊದಲೇ ಅವರು ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ನಿಂತರು. "ಇದ್ದೀಯಲ್ಲ, ಸಾಕು. ಒಳಗೆ ಹೋಗು" ಅಂದರು.

ನೀವು ಹೊರಡುವ ಮೊದಲು ಹಾಗೆ ದಿನಾ ಗಮನಿಸುವವರು ಯಾರು ಅಂತ ಗೊತ್ತು ಮಾಡಿಕೊಳ್ಳಿ. ಹೊತ್ತೂ ಗೊತ್ತು ಮಾಡಿ. ಕರೆಂಟ್ ಹೋದರೂ ಉರಿಯುವ ಟಾರ್ಚ್ ಒಂದು ಜಗುಲಿಯಲ್ಲೇ ಇಟ್ಟಿರಿ.