ಯುಕೆಜಿ ಮಗುವಿಗೆ ಗ್ರಾಫ್ ಅಂದರೇನು ಅಂತ ಹೇಗೆ ಕಲಿಸುವುದು?

ಪೆನ್ಸಿಲ್ ಕೊಡುವ ಮೊದಲು ವಸ್ತುಗಳನ್ನೇ ಸಾಲಾಗಿ ಇಡಿಸಿ. ಆ ಸಾಲೇ ಮಗುವಿನ ಮೊದಲ ಗ್ರಾಫ್.

ಮಲ್ಪೆಯಲ್ಲೋ ಪಣಂಬೂರಿನಲ್ಲೋ ಕಡಲತೀರದಲ್ಲಿ ಹೆಕ್ಕಿದ ಚಿಪ್ಪು, ಹುಣಸೆ ಬೀಜ, ಹಲಸಿನ ಬೀಜ, ಎಲ್ಲ ಸೇರಿ 15 ಸಾಕು. ಗುಲಗಂಜಿ ಮಾತ್ರ ಬೇಡ, ಅದು ವಿಷ. ಮನೆಯಲ್ಲಿ ಮೂರು ವರ್ಷದೊಳಗಿನ ಮಗುವಿದ್ದರೆ ಬೀಜಗಳೂ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಚಮಚ, ಲೋಟ ಬಳಸಿ.

ವಿಂಗಡಿಸಲು ಒಂದು ಸಲಕ್ಕೆ ಒಂದೇ ನಿಯಮ. ಬಣ್ಣ ಅಂದರೆ ಬಣ್ಣ. ನಡುವೆ ಗಾತ್ರ ತಂದರೆ ದೊಡ್ಡ ಬಿಳಿ ಚಿಪ್ಪು ಎಲ್ಲಿಗೆ ಹೋಗಬೇಕು?

ಎಡವಟ್ಟಾಗುವುದು ಸಾಲು ಇಡುವಾಗ. ನಾಲ್ಕು ದೊಡ್ಡ ಚಿಪ್ಪಿನ ಸಾಲು ಏಳು ಹುಣಸೆ ಬೀಜದ ಸಾಲಿಗಿಂತ ಉದ್ದ ಕಾಣುತ್ತದೆ, ಮಗು ಚಿಪ್ಪೇ ಜಾಸ್ತಿ ಅನ್ನುತ್ತದೆ. ಅದು ನೋಡುತ್ತಿರುವುದು ಉದ್ದವನ್ನು, ಎಣಿಕೆಯನ್ನಲ್ಲ. ಈ ವಯಸ್ಸಿಗೆ ಇದು ಸಹಜ, ಗದರಬೇಡಿ. ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ 5 ಸೆಂ.ಮೀ. ಚೌಕಗಳನ್ನು ಬರೆಯಿರಿ. ಒಂದು ಚೌಕಕ್ಕೆ ಒಂದೇ ವಸ್ತು, ಎಲ್ಲ ಸಾಲೂ ಒಂದೇ ಗೆರೆಯಿಂದ ಶುರು, ನಡುವೆ ಖಾಲಿ ಬಿಡುವಂತಿಲ್ಲ. ಆಗ ಉದ್ದದ ಸಾಲೇ ಹೆಚ್ಚು ಎಣಿಕೆಯ ಸಾಲು. ಗ್ರಾಫಿನ ಗುಟ್ಟು ಇಷ್ಟೇ.

ಎಣಿಸುವಾಗ ಬಾಯಿ ಬೆರಳಿಗಿಂತ ಮುಂದೆ ಓಡುತ್ತದೆ. ಮುಟ್ಟಿ, ಸರಿಸಿ ಎಣಿಸಲಿ. ಇದಕ್ಕೆ ಮಣೆಯ ಗುಳಿಗಳಿಗೆ ಬೀಜ ಹಂಚುತ್ತಾ ಹೋಗುವ ನಮ್ಮ ಚೆನ್ನೆಮಣೆ ಆಟದಷ್ಟು ಒಳ್ಳೆಯ ಅಭ್ಯಾಸ ಬೇರೆ ಇಲ್ಲ: ಗುಳಿಗೊಂದು ಬೀಜ.

'ಯಾವುದು ಜಾಸ್ತಿ?' ಅನ್ನುವುದಕ್ಕೆ ಬೇಗ ಉತ್ತರ ಬರುತ್ತದೆ. 'ಎಷ್ಟು ಜಾಸ್ತಿ?' ಕಷ್ಟ, ಉದ್ದದ ಸಾಲಿನಲ್ಲಿ ಚಿಕ್ಕ ಸಾಲಿನಿಂದ ಆಚೆಗೆ ಚಾಚಿದ ಚೌಕಗಳನ್ನಷ್ಟೇ ಎಣಿಸಲು ಹೇಳಿ.