ಉಪಗ್ರಹಗಳಿರುವಾಗ ಸ್ತರಗೋಳದ ನೀರಾವಿ ಅಳೆಯಲು ಬಲೂನ್ ತಂಡಕ್ಕೆ ಸೇರುವುದು ದಡ್ಡತನವೇ?
ಎಂ.ಎಸ್ಸಿ. ಮುಗಿಸಿದ ವರ್ಷ ನಾನೂ ಬಲೂನನ್ನು ಹಳೆಯ ಕಾಲದ ಸಾಮಾನು ಎಂದೇ ಭಾವಿಸಿದ್ದೆ. ಬೇರೆಲ್ಲೂ ಕೆಲಸ ಸಿಗಲಿಲ್ಲ, ಆ ತಂಡಕ್ಕೇ ಸೇರಿದೆ.

ಸ್ತರಗೋಳದಲ್ಲಿ, ಅಂದರೆ ಮೋಡಗಳಿಗೂ ಮೇಲಿನ ಗಾಳಿಯ ಪದರದಲ್ಲಿ, ಹತ್ತು ಲಕ್ಷ ಅಣುಗಳಿಗೆ ನೀರಿನವು ನಾಲ್ಕೈದು ಮಾತ್ರ. ಅಷ್ಟೇನಾ ಎನ್ನಬೇಡಿ. 2000ದ ನಂತರ ಶಾಖ ಹಿಡಿದಿಡುವ ಈ ನೀರಾವಿ ಸುಮಾರು ಶೇ. 10ರಷ್ಟು ಇಳಿದದ್ದರಿಂದ ಆ ದಶಕದಲ್ಲಿ ಭೂಮಿ ಬಿಸಿಯೇರುವ ವೇಗ ಸುಮಾರು ಕಾಲು ಭಾಗ ತಗ್ಗಿತೆಂದು 2010ರ ಅಧ್ಯಯನವೊಂದು ಲೆಕ್ಕ ಹಾಕಿತ್ತು. ನಮ್ಮ ಉಪಕರಣದಲ್ಲಿದ್ದದ್ದು ತಣಿಸಿದ ಪುಟ್ಟ ಕನ್ನಡಿ. ಅದರ ಮೇಲಿನ ಹಿಮದ ಪೊರೆ ಬೆಳೆಯದಂತೆ, ಕರಗದಂತೆ ಹಿಡಿದಿಟ್ಟರೆ ಕನ್ನಡಿಯ ಉಷ್ಣತೆಯೇ ನೀರಾವಿಯ ಲೆಕ್ಕ ಕೊಡುತ್ತದೆ.

ಒಂದು ಮಳೆಗಾಲದ ರಾತ್ರಿ ದಟ್ಟ ಮೋಡದ ನಡುವೆಯೇ ಬಲೂನ್ ಹಾರಿಸಿದೆವು. 26 ಕಿ.ಮೀ. ಎತ್ತರದಲ್ಲಿ ನೀರಾವಿ ವಾಡಿಕೆಯ ಮೂರು ಪಟ್ಟು! ಗುಡುಗು ಮೋಡಗಳು ನೀರನ್ನು ಅಲ್ಲಿಯವರೆಗೆ ಎಸೆದಿವೆ ಎಂದು ಕುಣಿದಾಡಿದೆ. ಬಲೂನ್ ಒಡೆಯಿತು. ಗಂಟೆ ಎರಡೂವರೆ, ಹೊಟ್ಟೆ ಹಸಿದಿತ್ತು. ಉಪಕರಣದ ಸಂಕೇತ ಹಿಡಿಯುವ ರಿಸೀವರ್ ಬಂದ್ ಮಾಡಿ ಆಂಟೆನಾ ಮಡಚಿದೆ.

ತಪ್ಪಿದ್ದು ಅಲ್ಲೇ. ಮೋಡ ದಾಟುವಾಗ ಬಲೂನಿನ ಮೈಗೂ ದಾರಕ್ಕೂ ನೀರು ಅಂಟಿ ಹೆಪ್ಪುಗಟ್ಟುತ್ತದೆ. ಮೇಲೇರುವಾಗ ಉಪಕರಣ ಬಲೂನಿನ ಕೆಳಗೆ ನೇತಾಡುತ್ತದೆ, ಅಂದರೆ ಬಲೂನ್ ಬಿಟ್ಟುಹೋದ ಆವಿಯನ್ನೇ ಅದು ಉಸಿರಾಡುತ್ತದೆ. ಅದರ ಮೇಲೆ ಇನ್ನೊಂದು ಮೋಸ: 16 ಕಿ.ಮೀ.ನಲ್ಲಿ ಗಾಳಿಯ ಒತ್ತಡ ಸುಮಾರು 100 ಹೆಕ್ಟೊಪಾಸ್ಕಲ್, 26ರಲ್ಲಿ ಸುಮಾರು 20. ಅಂಟಿದ ಮಂಜು ಅಷ್ಟೇ ಆವಿ ಬಿಟ್ಟರೂ ತೆಳು ಗಾಳಿಯಲ್ಲಿ ಅದರ ಪಾಲು ಐದು ಪಟ್ಟಾಗಿ ಕಾಣುತ್ತದೆ. ನನ್ನ ಅಳತೆಯ ರೇಖೆ ಮೇಲೇರಿದಂತೆ ನಯವಾಗಿ ಉಬ್ಬಿತ್ತು. ನಿಜವಾದ ನೀರಿನ ಪದರ ಹಾಗೆ ಉಬ್ಬುವುದಿಲ್ಲ. ಇಳಿಯುವಾಗ ಉಪಕರಣ ಮುಂದೆ, ಪ್ಯಾರಾಶೂಟ್ ಹಿಂದೆ. ತಾಗುವುದು ಶುದ್ಧ ಗಾಳಿ. ಆ ಅಳತೆಯೊಂದಿದ್ದರೆ ಅನುಮಾನ ಅಲ್ಲೇ ಬಗೆಹರಿಯುತ್ತಿತ್ತು. ಹತ್ತಿಪ್ಪತ್ತು ನಿಮಿಷದ ದತ್ತಾಂಶವನ್ನು ಒಂದು ತಟ್ಟೆ ಉಪ್ಪಿಟ್ಟಿಗೆ ಮಾರಿಕೊಂಡೆ. ಬರೆದ ಲೇಖನವನ್ನು ವಾಪಸ್ ಪಡೆದೆ. ಪಿಎಚ್.ಡಿ. ಒಂದು ವರ್ಷ ಹಿಂದೆ ಬಿತ್ತು.

ಬಲೂನೋ ಉಪಗ್ರಹವೋ ಎಂಬ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. 2004ರಲ್ಲಿ ಹಾರಿದ ಆರಾ ಉಪಗ್ರಹದ ನೀರಾವಿ ಅಳತೆ 2010ರ ಸುಮಾರಿನಿಂದ ನಿಜದಿಂದ ಮೆಲ್ಲಗೆ ದೂರ ಜಾರುತ್ತಿದ್ದದ್ದು ಸಿಕ್ಕಿಬಿದ್ದದ್ದೇ ಬಲೂನಿನ ಕನ್ನಡಿಗಳೊಡನೆ ತಾಳೆ ನೋಡಿದಾಗ. ಉಪಗ್ರಹದ ಕೆಲಸಕ್ಕೇ ಹೋಗುವಿರಾದರೂ ಮೊದಲು ಎರಡು ಮಳೆಗಾಲ ಮೈದಾನದಲ್ಲಿ ನಿಲ್ಲಿ. ಸಂದರ್ಶನದಲ್ಲಿ ಸಂಬಳಕ್ಕಿಂತ ಮೊದಲು ಇದನ್ನು ಕೇಳಿ: ಬಲೂನ್ ಒಡೆದ ಮೇಲೆ ರಿಸೀವರನ್ನು ಎಷ್ಟು ಹೊತ್ತು ಚಾಲೂ ಇಡುತ್ತೀರಿ?