ಊರಲ್ಲಿ ಚೆನ್ನಾಗಿದ್ದ ಹೊಟ್ಟೆ ಬೆಂಗಳೂರಿಗೆ ಬಂದ ಮೇಲೆ ಕೆಟ್ಟಿದೆ. ಯಾವ ಪ್ರೋಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ ಇರುವ ಕ್ಯಾಪ್ಸೂಲ್) ತಗೊಳ್ಳಲಿ?

ಊರಲ್ಲಿ ಕಲ್ಲು ತಿಂದರೂ ಅರಗುತ್ತಿತ್ತು, ಇಲ್ಲಿ ವಾರಕ್ಕೊಮ್ಮೆ ಭೇದಿ ಅಂತ ಬರೆದಿದ್ದೀರಿ. 2016ರಲ್ಲಿ ನನ್ನದೂ ಇದೇ ಕಥೆ.

ಅರಸೀಕೆರೆ ಕಡೆಯ ಹಳ್ಳಿಯಿಂದ ಬಂದು ಪಿಜಿ ಸೇರಿದ್ದೆ. ಮುದ್ದೆ, ಹುರುಳಿಕಟ್ಟಿನ ಸಾರು ಹೋಗಿ ಬಿಳಿ ಅನ್ನ, ಪರೋಟ, ಬೇಕರಿ ಪಫ್ಸ್ ಬಂತು. ಹೊಟ್ಟೆ ಕೆಟ್ಟಿತು. ಡಾಕ್ಟರ ಹತ್ತಿರ ಹೋಗಲಿಲ್ಲ, ಮೂಲೆಯ ಮೆಡಿಕಲ್ ಶಾಪಿಗೆ ಹೋದೆ. ಅದೇ ನನ್ನ ತಪ್ಪು. ‘ಲೂಸ್ ಮೋಷನ್’ ಅಂದರೆ ಸಾಕು, ಹುಡುಗ ಓಫ್ಲಾಕ್ಸಾಸಿನ್-ಆರ್ನಿಡಜೋಲ್ ಅನ್ನುವ ಆಂಟಿಬಯಾಟಿಕ್ ಸ್ಟ್ರಿಪ್ಪಿಗೆ ಕತ್ತರಿ ಹಾಕಿ ನಾಲ್ಕು ಮಾತ್ರೆ ಕವರಿಗೆ ಹಾಕುತ್ತಿದ್ದ. ಎರಡು ನುಂಗಿದರೆ ಭೇದಿ ನಿಲ್ಲುತ್ತಿತ್ತು. ಉಳಿದೆರಡು ಪರ್ಸಿನಲ್ಲಿ, ಮುಂದಿನ ಸಲಕ್ಕೆ. ನೆಗಡಿಯಾದರೆ ಅಜಿತ್ರೋಮೈಸಿನ್, ಅದೂ ಆಂಟಿಬಯಾಟಿಕ್ಕೇ. ಹೀಗೆ ಮೂರು ವರ್ಷ. ಬಹಳಷ್ಟು ಭೇದಿ ಎರಡು ದಿನಕ್ಕೆ ತಾನಾಗಿಯೇ ನಿಲ್ಲುತ್ತದೆ, ಓಆರ್‌ಎಸ್ ಸಾಕು. ನಾನು ಮಾತ್ರ ನಿಲ್ಲಿಸಿದ್ದು ಮಾತ್ರೆ ಅಂತ ನಂಬಿದ್ದೆ. ಕರುಳಲ್ಲಿ ನಮ್ಮನ್ನು ಕಾಯುವ ಬ್ಯಾಕ್ಟೀರಿಯಾ ಕೂಡ ಪ್ರತಿ ಸಲ ಸಾಯುತ್ತಿದ್ದವು. ಉಳಿದವಕ್ಕೆ ತಿನ್ನಲು ನಾರೂ ಇರಲಿಲ್ಲ. ಅವು ನಾರು ತಿಂದು ಬ್ಯುಟಿರೇಟ್ ಅನ್ನುವ ಆಮ್ಲ ಮಾಡಿದರೆ ತಾನೇ ದೊಡ್ಡ ಕರುಳಿನ ಒಳಪದರಕ್ಕೆ ಊಟ?

ಆಮೇಲೆ ಮಲದಲ್ಲಿ ರಕ್ತ. ಮೂಲವ್ಯಾಧಿ ಅಂದುಕೊಂಡು ಏಳು ತಿಂಗಳು ಯಾರಿಗೂ ಹೇಳಲಿಲ್ಲ. ಕೊಲೊನೋಸ್ಕೋಪಿಯಲ್ಲಿ (ಕರುಳಿಗೆ ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆ) ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು ಅಂತ ಬಂತು. ‘ಮಾತ್ರೆಯಿಂದಲೇ ಬಂತು ಅಂತ ಹೇಳಲಾಗದು, ಆದರೆ ಪದೇ ಪದೇ ಆಂಟಿಬಯಾಟಿಕ್ ತಗೊಂಡವರಲ್ಲಿ ಈ ಕಾಯಿಲೆ ಜಾಸ್ತಿ’ ಅಂದರು ಡಾಕ್ಟರು. ಅದರ ಮಾತ್ರೆ ಮೆಸಲಮೀನ್ ಇವತ್ತಿಗೂ ನುಂಗುತ್ತಿದ್ದೇನೆ.

ಜಾಗ ಬದಲಾದರೆ ಕರುಳೂ ಬದಲಾಗುತ್ತದೆ, ಅದು ನಿಜ. ಥಾಯ್ಲೆಂಡಿನಿಂದ ಅಮೆರಿಕದ ಮಿನೆಸೋಟಾಕ್ಕೆ ಹೋದ ಹ್ಮಾಂಗ್ ಮತ್ತು ಕರೆನ್ ಅನ್ನುವ ಆಗ್ನೇಯ ಏಷ್ಯಾದ ಸಮುದಾಯಗಳ ಜನರಲ್ಲಿ ನಾರು ಅರಗಿಸುವ ಬ್ಯಾಕ್ಟೀರಿಯಾ ಕಡಿಮೆಯಾದದ್ದು 2018ರ ಒಂದು ಅಧ್ಯಯನದಲ್ಲಿದೆ. ಆದರೆ ‘ಯಾವ ಪ್ರೋಬಯಾಟಿಕ್’ ಅನ್ನುವ ಪ್ರಶ್ನೆಯೇ ಸರಿಯಿಲ್ಲ ಅಂತ ನನಗನ್ನಿಸುತ್ತದೆ. ಅದೇ ವರ್ಷ ಇಸ್ರೇಲಿನಲ್ಲಿ ಆರೋಗ್ಯವಂತರಿಗೆ ಸಿಪ್ರೋಫ್ಲಾಕ್ಸಾಸಿನ್, ಮೆಟ್ರೊನಿಡಜೋಲ್ ಅನ್ನುವ ಎರಡು ಆಂಟಿಬಯಾಟಿಕ್ ಕೊಟ್ಟು ನೋಡಿದರು. ನಾನು ನುಂಗಿದ್ದೂ ಅದೇ ಜಾತಿಯ ಜೋಡಿ. ಆಮೇಲೆ ಪ್ರೋಬಯಾಟಿಕ್ ತಗೊಂಡವರಲ್ಲಿ ಅವರದೇ ಹಳೆಯ ಬ್ಯಾಕ್ಟೀರಿಯಾ ವಾಪಸ್ ಬರಲು ತಿಂಗಳುಗಟ್ಟಲೆ ತಡವಾಯಿತು. ಸುಮ್ನೆ ಬಿಟ್ಟವರಲ್ಲಿ ಬೇಗ ಬಂದವು.

ದುಡ್ಡನ್ನು ಆ ಕ್ಯಾಪ್ಸೂಲಿಗೆ ಹಾಕಬೇಡಿ, ಗ್ಯಾಸ್ಟ್ರೋ ಡಾಕ್ಟರಿಗೆ ತೋರಿಸಿ. ಕರುಳಲ್ಲಿ ಉರಿಯೂತ ಇದೆಯಾ ಅಂತ ತೋರಿಸುವ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಬೇಕಾ ಅಂತ ಕೇಳಿ. ರಕ್ತ ಕಂಡಿದ್ದರೆ, ರಾತ್ರಿ ನಿದ್ದೆಯಿಂದ ಎದ್ದು ಓಡುವಂತಾಗಿದ್ದರೆ ಒಂದು ದಿನವೂ ಕಾಯಬೇಡಿ. ಹೋಗುವಾಗ ಇದುವರೆಗೆ ನುಂಗಿದ ಮಾತ್ರೆಗಳ ಹೆಸರೆಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗಿ, ನನ್ನ ಹಾಗೆ ನಿಮ್ಮ ಪರ್ಸಿನಲ್ಲೂ ಎರಡು ಉಳಿದಿದ್ದರೆ ಅವುಗಳದ್ದೂ.